ನಿರ್ಬಿಂದು ರೇಖಾಗಣಿತದ ಚರಿತ್ರೆ

ರೇಖಾಗಣಿತವನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಮೊದಲು ಪರಿಚಯವಾಗುವ ಪದಾರ್ಥವು ಬಿಂದು. ಬಿಂದುಗಳಿಂದ ರೇಖೆ, ರೇಖೆಗಳಿಂದ ತಲ, ತಲಗಳಿಂದ ಘನ ಎಂಬ ಕ್ರಮವು ಪಾಠಶಾಲೆಗಳಲ್ಲಿ ಬಹುಕಾಲದಿಂದ ರೂಢವಾಗಿರುವುದರಿಂದ, ಅದು ವಸ್ತುಸ್ವಭಾವಕ್ಕೇ ಸೇರಿದ ಕ್ರಮವೆಂದು ಎಲ್ಲರೂ ನಂಬಿರುವರು. ಆದರೆ ಬಿಂದುವನ್ನು ಕಂಡವರು ಯಾರೂ ಇಲ್ಲ. ಕಣ್ಣಿಗೆ ಗೋಚರವಾಗುವುದು ಕಲ್ಲು, ಇಟ್ಟಿಗೆ, ಗಡಿಗೆ, ಹೊಲ ಮೊದಲಾದ ವಿಸ್ತಾರವುಳ್ಳ ವಸ್ತುಗಳೇ ಹೊರತು, ಉದ್ದ ಅಗಲ ಎತ್ತರಗಳಲ್ಲಿ ಒಂದೂ ಇಲ್ಲದ ಬಿಂದುವಲ್ಲ. ಕಾಣದುದನ್ನು ಮೊದಲು ಒಪ್ಪಿ, ಕಂಡುದನ್ನು ಅದರಿಂದ ಸಾಧಿಸುವುದು ಯುಕ್ತವೆ? ಕಂಡುದರಿಂದ ಹೊರಟು ಬಿಂದುವನ್ನೇ ಸಾಧಿಸಲಾಗದೆ? ಈ ಪ್ರಶ್ನೆಯನ್ನು ಪಾಶ್ಚಾತ್ಯ ಗಣಿತಜ್ಞರೂ ತಾರ್ಕಿಕರೂ ೧೯ನೆಯ ಶತಮಾನದಿಂದ ಈಚೆಗೆ ಮತ್ತೆ ಮತ್ತೆ ಎತ್ತಿರುವರು. ಅವರ ಉತ್ತರಗಳನ್ನು ಕ್ರಮವಾಗಿ ಪರಿಶೀಲಿಸಿದರೆ, ಬಿಂದುವು ಸಿದ್ಧವಲ್ಲ, ಸಾಧ್ಯವೆಂಬುದು ಮೊದಲು ತಿಳಿಯುತ್ತದೆ. ಬಿಂದುವು ಸಾಧಿತವಾಗದ ಎಡೆಯಲ್ಲಿಯೂ ಅವಕಾಶವು, ಎಂದರೆ ವಸ್ತುಗಳಿಗೆ ಎಡೆಗೊಡುವ ವಿಸ್ತಾರವು, ಶೂನ್ಯವಾಗುವುದಿಲ್ಲವೆಂಬುದು ಆಮೇಲೆ ತಿಳಿಯುತ್ತದೆ.

ಕ್ರಿ. ಪೂ. ೩೦೦ರ ಸುಮಾರಿನಲ್ಲಿದ್ದ ಯವನ ಪಂಡಿತನಾದ ಯೂಕ್ಲಿಡನ ಹದಿಮೂರು ಅಧ್ಯಾಯಗಳ ಗ್ರಂಥವು ಈ ಶಾಸ್ತ್ರಕ್ಕೆ ಆಕರ. ಅದು ಅರಬ್ಬೀ ಭಾಷೆಯ ಮೂಲಕ ಸಂಸ್ಕೃತಕ್ಕೂ ಬಂದಿತು. ಸವಾಯಿ ಜಯಸಿಂಹ ಮಹಾರಾಜನ ಆಶ್ರಯದಲ್ಲಿದ್ದ ಜಗನ್ನಾಥ ಸಮ್ರಾಟನು ೧೮ನೆಯ ಶತಮಾನದ ಆದಿಭಾಗದಲ್ಲಿ ಅದನ್ನು 'ರೇಖಾಗಣಿತ'ವೆಂಬ ಹೆಸರಿನಿಂದ ಸಂಸ್ಕರಿಸಿದನು. ಯೂಕ್ಲಿಡನ ಪ್ರಥಮ ಲಕ್ಷಣದಂತೆ ನಿರವಯವವಾದುದೇ ಬಿಂದು. ಇದು ಕೇವಲ ನಿಷೇಧರೂಪವಾದ ಲಕ್ಷಣ. ಬಿಂದುವಿಗೆ ಏನಿಲ್ಲವೆಂಬುದನ್ನು ಹೇಳುವುದೇ ಹೊರತು ಏನಿದೆಯೆಂಬುದನ್ನು ಹೇಳುವುದಿಲ್ಲ. ತೃತೀಯ ಲಕ್ಷಣದಲ್ಲಾದರೋ ಆತನು ರೇಖೆಯ ಕೊನೆಗಳು ಬಿಂದುಗಳೆನ್ನುತ್ತಾನೆ. ಮುಂದೆ ತಲದ ಅಂಚು ರೇಖೆಯೆಂದೂ, ಹನ್ನೊಂದನೆಯ ಅಧ್ಯಾಯದಲ್ಲಿ ಘನದ ಅಂಚು ತಲವೆಂದೂ ಹೇಳುತ್ತಾನೆ. ಈ ಎರಡನೆಯ ಮಾಲೆಯನ್ನು ಹಿಂದುಮುಂದಾಗಿ ಓದಿದರೆ ಮೊದಲು ಘನ, ಅದರ ಅಂಚಾಗಿ ತಲ, ತಲದ ಅಂಚಾಗಿ ರೇಖೆ, ರೇಖೆಯ ಅಂಚಾಗಿ ಬಿಂದು ಎಂದಾಗುವುದು. ಹೀಗೆ ಬಿಂದುವಿನಿಂದ ಘನಕ್ಕೆ ಏರುವ ದಾರಿ, ಘನದಿಂದ ಬಿಂದುವಿಗೆ ಇಳಿಯುವ ದಾರಿ ಎರಡೂ ಒಂದೇ ಗ್ರಂಥದಲ್ಲಿ ಅಡಗಿವೆ. ಅನಂತರದವರು ಮೊದಲನೆಯ ದಾರಿಯನ್ನೇ ಹಿಡಿದರು.

ಯೂಕ್ಲಿಡನಿಗಿಂತ ಪೂರ್ವದಲ್ಲಿಯೇ ಅರಿಸ್ಟಾಟಲನು ತನ್ನ ಭೌತಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಏರುವ ದಾರಿಯನ್ನು ನಿರಾಕರಿಸಿದ್ದನು. ಆತನ ಯುಕ್ತಿಯ ಸಾರವೇನೆಂದರೆ: ಎರಡು ವಸ್ತುಗಳು ತಮ್ಮ ಅಂಚುಗಳಿಂದ ಒಂದನ್ನೊಂದು ತಾಗುತ್ತವೆ. ನಿರವಯವವಾದ ಬಿಂದುವಿಗೆ ಅಂಚು ಬೇರೆ, ಒಡಲು ಬೇರೆ ಎಂಬುದಿಲ್ಲ. ಆದಕಾರಣ ಎರಡು ಬಿಂದುಗಳು ತಾಗಿದರೆ ಇಡಿಯಾಗಿಯೇ ತಾಗಬೇಕು. ಇಡಿಯಾಗಿ ತಾಗಿದರೆ ಎರಡೂ ಒಂದೇ ಎಡೆಯಲ್ಲಿರುವುದರಿಂದ ವಿಸ್ತಾರವು ಹುಟ್ಟಲಾರದು. ನಮ್ಮ ದರ್ಶನಗಳನ್ನು ಬಲ್ಲವರಿಗೆ ಈ ಯುಕ್ತಿಯು ಅಪರಿಚಿತವಲ್ಲ. ಬೌದ್ಧಾಚಾರ್ಯನಾದ ವಸುಬಂಧುವು 'ವಿಂಶತಿಕಾ' ಗ್ರಂಥದಲ್ಲಿ ಪರಮಾಣುವಾದಿಗಳನ್ನು ಪ್ರಶ್ನಿಸುವುದು ಹೀಗೆಯೇ: ಒಂದು ಪರಮಾಣುವನ್ನು ಆರು ದಿಕ್ಕುಗಳಿಂದ ಆರು ಪರಮಾಣುಗಳು ಏಕಕಾಲದಲ್ಲಿ ಸೇರಿದರೆ ಅದಕ್ಕೆ ಆರು ಅಂಶಗಳುಂಟಾಗಿ ನಿರವಯವತ್ವವು ಹೋಗುತ್ತದೆ, ಆರೂ ಒಂದೇ ಎಡೆಯಲ್ಲಿದ್ದರೆ ಪಿಂಡವು ಪರಮಾಣುವಿನಷ್ಟೇ ಆಗಿ ಉಳಿಯುತ್ತದೆ. ಇಲ್ಲಿ ಒಬ್ಬರ ಪ್ರಭಾವವನ್ನು ಮತ್ತೊಬ್ಬರಲ್ಲಿ ಹುಡುಕಬೇಕಾಗಿಲ್ಲ. ಪ್ರಶ್ನೆಯು ಒಂದೇ ಆದಾಗ ಯುಕ್ತಿಯೂ ಒಂದಾಗುವುದು ಸಹಜ. ಆದರೆ ಸಿದ್ಧಾಂತಗಳು ಬೇರೆ ಬೇರೆ. ವಸುಬಂಧುವು ಇದರಿಂದ ಬಾಹ್ಯವಸ್ತುವೇ ಇಲ್ಲವೆಂಬಲ್ಲಿಗೆ ಹೋಗುತ್ತಾನೆ; ಅರಿಸ್ಟಾಟಲನು ಅಖಂಡವಾದ ವಿಸ್ತಾರವೇ ಮೊದಲು, ಬಿಂದುವು ಅದನ್ನು ಕತ್ತರಿಸಿದಾಗ ತೋರುವ ಗಡಿ ಮಾತ್ರವೆಂದು ನಿಲ್ಲುತ್ತಾನೆ.

ಆಧುನಿಕ ಕಾಲದಲ್ಲಿ ಇಳಿಯುವ ದಾರಿಯನ್ನು ಮೊದಲು ತುಳಿದವರಲ್ಲಿ ರಷ್ಯಾ ದೇಶದ ನಿಕೊಲಾಯ್ ಲೊಬಚೆವ್‌ಸ್ಕಿ ಗಣ್ಯನು. ಸಮಾಂತರ ರೇಖೆಗಳ ವಿಷಯದಲ್ಲಿ ಯೂಕ್ಲಿಡನನ್ನು ಮೀರಿದ ನೂತನ ರೇಖಾಗಣಿತಕ್ಕಾಗಿ ಈತನ ಹೆಸರು ಪ್ರಸಿದ್ಧವಾಗಿದೆ. ಆದರೆ ೧೮೩೫ರಿಂದ ಪ್ರಕಟವಾಗತೊಡಗಿದ ತನ್ನ ವಿಸ್ತಾರವಾದ ಗ್ರಂಥವನ್ನು ಈತನು ಬಿಂದುವಿನಿಂದ ಆರಂಭಿಸದೆ ಘನವಸ್ತುಗಳಿಂದಲೂ ಅವುಗಳ ಪರಸ್ಪರ ಸ್ಪರ್ಶದಿಂದಲೂ ಆರಂಭಿಸಿದನೆಂಬುದು ಅಷ್ಟಾಗಿ ಪ್ರಸಿದ್ಧವಲ್ಲ. ಕಾಲದ ಪ್ರವಾಹವು ಬೇರೆ ಕಡೆಗೆ ಹರಿಯಿತು. ೧೮೭೨ರಲ್ಲಿ ಜರ್ಮನಿಯ ಕ್ಯಾಂಟರ್ ಮತ್ತು ಡೆಡೆಕಿಂಡ್ ಎಂಬ ವಿದ್ವಾಂಸರು ಸಂಖ್ಯೆಗಳ ಅವಿಚ್ಛಿನ್ನ ಶ್ರೇಣಿಯನ್ನು ನಿಷ್ಕೃಷ್ಟವಾಗಿ ನಿರೂಪಿಸಿ, ರೇಖೆಯ ಒಂದೊಂದು ಬಿಂದುವಿಗೂ ಒಂದೊಂದು ಸಂಖ್ಯೆಯನ್ನು ಹೊಂದಿಸಿದರು. ೧೮೯೯ರಲ್ಲಿ ಹಿಲ್ಬರ್ಟನು ಬಿಂದು, ರೇಖೆ, ತಲ ಇವುಗಳನ್ನು ಲಕ್ಷಣವಿಲ್ಲದ ಮೂಲಪದಾರ್ಥಗಳೆಂದು ಅಂಗೀಕರಿಸಿ ರೇಖಾಗಣಿತಕ್ಕೆ ಹೊಸ ತಳಹದಿಯನ್ನು ಹಾಕಿದನು. ೧೯೧೪ರಲ್ಲಿ ಹೌಸ್‌ಡಾರ್ಫನು ಟೊಪಾಲಜಿಗೂ, ಎಂದರೆ ಹಿಗ್ಗಿಸಿದರೂ ಬಾಗಿಸಿದರೂ ಅಳಿಯದ ಆಕಾರಗುಣಗಳನ್ನು ವಿಚಾರಿಸುವ ಶಾಸ್ತ್ರಕ್ಕೂ, ಬಿಂದುಗಳ ಗಣವನ್ನೇ ಅಧಿಷ್ಠಾನವಾಗಿ ಮಾಡಿದನು. ಹೀಗೆ ೨೦ನೆಯ ಶತಮಾನದ ಆದಿಯಲ್ಲಿ ಅವಕಾಶವೆಂದರೆ ಬಿಂದುಗಳ ರಾಶಿ ಎಂಬ ಮತವು ನಿಷ್ಕಂಟಕವಾಗಿ ರಾಜ್ಯವಾಳುತ್ತಿತ್ತು.

ಈ ಮತವು ಗಣಿತಕ್ಕೆ ಮಾಡಿದ ಉಪಕಾರವು ಅಪಾರ. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಒಂದುಂಟೆಂಬುದು ೧೯೨೪ರಲ್ಲಿ ಬಯಲಾಯಿತು. ಪೋಲೆಂಡ್ ದೇಶದ ಬನಾಖ್ ಮತ್ತು ಟಾರ್ಸ್ಕಿ ಎಂಬವರು ಒಂದು ವಿಚಿತ್ರ ಪ್ರಮೇಯವನ್ನು ಸಾಧಿಸಿದರು. ಒಂದು ಘನಗೋಲವನ್ನು ಪರಿಮಿತ ಸಂಖ್ಯೆಯ ತುಂಡುಗಳಾಗಿ ವಿಭಾಗಿಸಿ, ಆ ತುಂಡುಗಳನ್ನು ಹಿಗ್ಗಿಸದೆ ಕುಗ್ಗಿಸದೆ ತಿರುಗಿಸಿ ಸರಿಸಿ ಮಾತ್ರ ಜೋಡಿಸಿದರೆ, ಮೊದಲಿನದರಷ್ಟೇ ಗಾತ್ರದ ಎರಡು ಗೋಲಗಳು ದೊರೆಯುವುವು! ಈ ತುಂಡುಗಳು ಕತ್ತಿಯಿಂದ ಕೊಯ್ಯತಕ್ಕವಲ್ಲ. ಘನಫಲವನ್ನು ಹೇಳಲಾಗದಂತೆ ಚದರಿದ ಬಿಂದುಗಣಗಳು. ಅವುಗಳನ್ನು ಕಲ್ಪಿಸುವುದಕ್ಕೆ 'ಆಯ್ಕೆಯ ಸ್ವಯಂಸಿದ್ಧ'ವೆಂಬ ಸೂತ್ರವು ಬೇಕು. ಅನಂತವಾದ ಗುಂಪುಗಳಿದ್ದರೂ, ಆಯುವ ನಿಯಮವೊಂದನ್ನೂ ಹೇಳದೆ, ಒಂದೊಂದು ಗುಂಪಿನಿಂದ ಒಂದೊಂದನ್ನು ಆಯ್ದುಕೊಳ್ಳಬಹುದೆಂಬುದೇ ಆ ಸೂತ್ರ. ತರ್ಕದಲ್ಲಿ ಲೋಪವಿಲ್ಲ, ಲೋಕಾನುಭವಕ್ಕೆ ಮಾತ್ರ ವಿರೋಧವು ಪ್ರತ್ಯಕ್ಷವಾಗಿದೆ. ಈ ಪ್ರಮೇಯದ ಕಥೆಯು ಮುಂದೆ ಮತ್ತೆ ಬರುವುದರಿಂದ ಅದನ್ನು ಇಲ್ಲಿಗೆ ನಿಲ್ಲಿಸಬಹುದು.

ಇದಕ್ಕೆ ಒಂದು ದಶಕದಷ್ಟು ಹಿಂದೆಯೇ, ಬೇರೊಂದು ಕಾರಣದಿಂದ, ಆಂಗ್ಲ ಪಂಡಿತನಾದ ಆಲ್‌ಫ್ರೆಡ್ ನಾರ್ತ್ ವೈಟ್‌ಹೆಡ್ (೧೮೬೧–೧೯೪೭) ಬಿಂದುವಿನ ಮೂಲವನ್ನು ಅರಸಲು ತೊಡಗಿದ್ದನು. ಈತನು ಬರ್ಟ್ರಂಡ್ ರಸ್ಸೆಲನೊಡನೆ ಗಣಿತದ ತಾರ್ಕಿಕ ತಳಹದಿಯನ್ನು ಕುರಿತ ಮೂರು ಸಂಪುಟಗಳ ಮಹಾಗ್ರಂಥವನ್ನು ರಚಿಸಿದವನು. ಅನುಭವಕ್ಕೆ ಬಾರದ ಬಿಂದುವು ಅನುಭವವನ್ನೇ ಆಧರಿಸಬೇಕಾದ ಪ್ರಕೃತಿವಿಜ್ಞಾನದಲ್ಲಿ ಪ್ರಥಮ ಸ್ಥಾನವನ್ನು ಪಡೆದುದು ಹೇಗೆಂಬುದು ಈತನ ಚಿಂತೆ. ೧೯೧೪ರಲ್ಲಿ ಪ್ಯಾರಿಸಿನಲ್ಲಿ ಮಾಡಿದ ಉಪನ್ಯಾಸದಲ್ಲಿ ಆರಂಭವಾದ ಈ ವಿಚಾರವು ೧೯೧೯ ಮತ್ತು ೧೯೨೦ರ ಗ್ರಂಥಗಳಲ್ಲಿ ಬೆಳೆಯಿತು. ಒಂದರೊಳಗೊಂದು ಅಡಕವಾದ ಪೆಟ್ಟಿಗೆಗಳ ಆಟಿಕೆಯನ್ನು ಆತನು ದೃಷ್ಟಾಂತವಾಗಿ ಕೊಡುತ್ತಾನೆ. ಆಟಿಕೆಯಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಕೊನೆಯ ಪೆಟ್ಟಿಗೆಯೊಂದು ಇರುತ್ತದೆ. ಪ್ರದೇಶಗಳ ಮಾಲೆಯಲ್ಲಾದರೋ ಕೊನೆಯೆಂಬುದಿಲ್ಲ. ಎಷ್ಟು ಒಳಗೆ ಹೋದರೂ ಅದಕ್ಕಿಂತ ಒಳಗೆ ಇನ್ನೊಂದು ಪ್ರದೇಶವಿದೆ. ಎಲ್ಲದರ ಒಳಗೂ ಇರುವಂತಹ ಪ್ರದೇಶವೊಂದೂ ಇಲ್ಲ. ಸಾಮಾನ್ಯರು ಇಂತಹ ಮಾಲೆಯ ತುದಿಯಲ್ಲಿ ಬಿಂದುವಿದೆಯೆನ್ನುವರು. ವೈಟ್‌ಹೆಡನು ಆ ಮಾಲೆಯೇ ಬಿಂದುವೆಂದನು. ಬಿಂದುವೆಂಬುದು ವಸ್ತುವಲ್ಲ, ವಸ್ತುಗಳ ಒಂದು ವ್ಯವಸ್ಥೆಯೆಂದು ಇದರ ತಾತ್ಪರ್ಯ.

ವ್ಯಾಕರಣಶಾಸ್ತ್ರವನ್ನು ಓದಿದವರಿಗೆ ಈ ಕ್ರಮವನ್ನು ಗ್ರಹಿಸುವುದು ಕಷ್ಟವಲ್ಲ. ಭರ್ತೃಹರಿಯು 'ವಾಕ್ಯಪದೀಯ'ದಲ್ಲಿ ಅಖಂಡವಾದ ವಾಕ್ಯವೇ ಅರ್ಥಬೋಧಕವೆಂದೂ, ಪದಗಳೂ ಪ್ರಕೃತಿಪ್ರತ್ಯಯಗಳೂ ಶಾಸ್ತ್ರವ್ಯವಹಾರಕ್ಕಾಗಿ ಅದರಿಂದ ಬೇರ್ಪಡಿಸಿ ತೆಗೆದವೆಂದೂ ಹೇಳುತ್ತಾನೆ. ಈ ಬೇರ್ಪಡಿಸುವಿಕೆಗೆ 'ಅಪೋದ್ಧಾರ'ವೆಂದು ಹೆಸರು. ಪದಗಳನ್ನು ಕೂಡಿಸಿ ವಾಕ್ಯವನ್ನು ಕಟ್ಟುವೆವೆಂಬುದು ಬಾಲಬೋಧೆಯ ಕ್ರಮ. ವಾಕ್ಯವನ್ನು ವಿಂಗಡಿಸಿ ಪದವನ್ನು ಕಾಣುವೆವೆಂಬುದು ಆತನ ಸಿದ್ಧಾಂತ. ವಾಕ್ಯದಲ್ಲಿ ಪದಕ್ಕೆ ಯಾವ ಸ್ಥಾನವೋ ವೈಟ್‌ಹೆಡನ ಅವಕಾಶದಲ್ಲಿ ಬಿಂದುವಿಗೆ ಅದೇ ಸ್ಥಾನ. ಅಪೋದ್ಧೃತವಾದ ಪದವು ನಿರುಪಯುಕ್ತವಲ್ಲ. ಅದಿಲ್ಲದೆ ವ್ಯಾಕರಣವೇ ನಡೆಯದು. ಹಾಗೆಯೇ ಬಿಂದುವೂ ನಿರುಪಯುಕ್ತವಲ್ಲ. ಅದು ಮೂಲವೆಂಬ ಭ್ರಾಂತಿಯನ್ನು ಮಾತ್ರ ಬಿಡತಕ್ಕದ್ದು.

ವೈಟ್‌ಹೆಡನ ಮೊದಲ ರಚನೆಯಲ್ಲಿ ಒಂದು ದೋಷವಿತ್ತು. ಭಾಗ, ಅಖಂಡ ಎಂಬ ಒಂದೇ ಸಂಬಂಧವನ್ನು ಅದು ಅವಲಂಬಿಸಿತ್ತು. ಒಂದರೊಳಗೊಂದಿರುವ ವೃತ್ತಗಳೆಲ್ಲವೂ ಅಂಚಿನ ಒಂದೇ ಎಡೆಯಲ್ಲಿ ಪರಸ್ಪರ ತಾಗಿಕೊಂಡಿರುವ ಮಾಲೆಯನ್ನು ಭಾವಿಸಬಹುದು. ಅದೇ ಎಡೆಯನ್ನು ಎದುರು ಪಕ್ಕದಿಂದ ತಾಗುವ ಮತ್ತೊಂದು ಮಾಲೆಯೂ ಇರಬಹುದು. ಎರಡೂ ಒಂದೇ ಬಿಂದುವನ್ನು ಸೂಚಿಸಬೇಕು. ಆದರೆ ಒಂದು ಮಾಲೆಯ ಯಾವ ವೃತ್ತವೂ ಇನ್ನೊಂದು ಮಾಲೆಯ ಯಾವ ವೃತ್ತದೊಳಗೂ ಇಲ್ಲವಾದ್ದರಿಂದ ಎರಡು ಬಿಂದುಗಳೆಂದೇ ಹೇಳಬೇಕಾಗುತ್ತದೆ. ೧೯೨೨ರಲ್ಲಿ ಅಮೆರಿಕದ ಥಿಯೊಡೋರ್ ದ ಲಗೂನ ಎಂಬ ತತ್ತ್ವಶಾಸ್ತ್ರಜ್ಞನು ಭಾಗಸಂಬಂಧಕ್ಕೆ ಬದಲಾಗಿ ಘನಗಳ ಸಂಯೋಗವನ್ನು ಆಧರಿಸುವ ಮಾರ್ಗವನ್ನು ತೋರಿಸಿದನು. ವೈಟ್‌ಹೆಡನು ತನ್ನ ೧೯೨೯ರ ಮಹಾಗ್ರಂಥದಲ್ಲಿ ಅವನ ಋಣವನ್ನು ಒಪ್ಪಿಕೊಂಡು, ಸಂಯೋಗವನ್ನೇ ಮೂಲಸಂಬಂಧವನ್ನಾಗಿ ಮಾಡಿದನು. ಒಂದು ಪ್ರದೇಶದೊಡನೆ ಸಂಯುಕ್ತವಾದುದೆಲ್ಲವೂ ಇನ್ನೊಂದರೊಡನೆಯೂ ಸಂಯುಕ್ತವಾಗಿದ್ದರೆ ಮೊದಲನೆಯದು ಎರಡನೆಯದರ ಭಾಗ. ಅಂಚನ್ನು ತಾಗದೆ ಒಳಗಿರುವ ಭಾಗವಾವುದು, ತಾಗಿರುವ ಭಾಗವಾವುದು ಎಂಬ ವಿವೇಕವೂ ಇದರಿಂದಲೇ ಸಿದ್ಧಿಸುತ್ತದೆ. ಅಂಚನ್ನು ತಾಗದ ಮಾಲೆಗಳನ್ನು ಮಾತ್ರ ಗ್ರಹಿಸಿದರೆ ಮೇಲೆ ಹೇಳಿದ ದೋಷವು ನಿವಾರಣೆಯಾಗುತ್ತದೆ.

ವೈಟ್‌ಹೆಡನಲ್ಲಿ ದರ್ಶನವು ಗಂಭೀರವಾಗಿದ್ದರೂ ಸ್ವಯಂಸಿದ್ಧಗಳ ನಿಷ್ಕೃಷ್ಟತೆಯು ಸಾಲದು. ಆ ಕೊರತೆಯನ್ನು ತುಂಬಿದವರು ಪೋಲೆಂಡಿನ ತಾರ್ಕಿಕರು. ಲೆಸ್ನ್ಯೆವ್‌ಸ್ಕಿ ಎಂಬವನು ೧೯೧೬ರಲ್ಲಿ ಅವಯವಾವಯವಿಗಳ ಸಂಬಂಧವನ್ನೇ ವಿಷಯವಾಗಿ ಉಳ್ಳ ಒಂದು ಶಾಸ್ತ್ರವನ್ನು ರಚಿಸಿದ್ದನು. ಆತನ ಶಿಷ್ಯನೂ, ಮೇಲೆ ಹೇಳಿದ ವಿಚಿತ್ರ ಪ್ರಮೇಯದ ಕರ್ತೃಗಳಲ್ಲಿ ಒಬ್ಬನೂ ಆದ ಆಲ್‌ಫ್ರೆಡ್ ಟಾರ್ಸ್ಕಿಯು ೧೯೨೭ರಲ್ಲಿ, ಈಗ ಯುಕ್ರೇನಿಗೆ ಸೇರಿರುವ ಲ್ವಿವ್ ನಗರದಲ್ಲಿ ಕೂಡಿದ ಪೋಲಿಷ್ ಗಣಿತಜ್ಞರ ಪ್ರಥಮ ಸಮ್ಮೇಳನದಲ್ಲಿ, ಆ ಶಾಸ್ತ್ರವನ್ನು ಆಧರಿಸಿ ಘನಗಳ ರೇಖಾಗಣಿತವನ್ನು ಪ್ರತಿಪಾದಿಸಿದನು; ಅದು ೧೯೨೯ರಲ್ಲಿ ಅಚ್ಚಾಯಿತು. ಅಮೆರಿಕದ ಹಂಟಿಂಗ್ಟನನು ೧೯೧೩ರಲ್ಲಿಯೇ ಗೋಲಗಳನ್ನೂ ಅವುಗಳ ಅಂತರ್ಭಾವವನ್ನೂ ಆಧರಿಸಿ ರೇಖಾಗಣಿತವನ್ನು ಕಟ್ಟಿದ್ದನಾದರೂ, ಆತನು ಒಳಗೆ ಬೇರೆ ಗೋಲವಿಲ್ಲದ ಗೋಲವನ್ನು ಬಿಂದುವೆಂದು ಒಳಗೊಂಡಿದ್ದನು. ಟಾರ್ಸ್ಕಿಯ ಗೋಲಗಳಲ್ಲಿ ಅಂತಹ ಕನಿಷ್ಠ ಗೋಲವಿಲ್ಲ.

ಆತನ ಲಕ್ಷಣಗಳ ಚಾತುರ್ಯವನ್ನು ಒಂದು ಉದಾಹರಣೆಯಿಂದ ಕಾಣಬಹುದು. ಎರಡು ಗೋಲಗಳು ಹೊರಗಿನಿಂದ ತಾಗಿವೆಯೆಂಬುದನ್ನು, ತಾಗಿದ ಬಿಂದುವನ್ನು ಹೆಸರಿಸದೆ ಹೇಳುವುದೆಂತು? ಮೊದಲನೆಯ ಗೋಲವನ್ನು ಒಳಗೊಂಡು ಎರಡನೆಯದಕ್ಕೆ ಹೊರತಾಗಿರುವ ಯಾವ ಎರಡು ಗೋಲಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದು ಇನ್ನೊಂದರ ಭಾಗವಾಗಿರಬೇಕೆಂದು ಟಾರ್ಸ್ಕಿಯ ಲಕ್ಷಣ. ನಡುವೆ ತೆರಪಿದ್ದರೆ ಮೊದಲನೆಯ ಗೋಲವನ್ನು ಒಮ್ಮೆ ಈ ಮಗ್ಗುಲಿಗೆ, ಒಮ್ಮೆ ಆ ಮಗ್ಗುಲಿಗೆ ಹಿಗ್ಗಿಸಿ, ಒಂದರೊಳಗೊಂದು ಅಡಗದ ಎರಡು ಗೋಲಗಳನ್ನು ಪಡೆಯಬಹುದು. ತೆರಪಿಲ್ಲದೆ ತಾಗಿದ್ದರೆ ಹಿಗ್ಗುವ ಗೋಲಗಳೆಲ್ಲವೂ ಅದೇ ಎಡೆಯಲ್ಲಿ ತಾಗಿಕೊಂಡೇ ಹಿಗ್ಗಬೇಕಾದುದರಿಂದ ಒಂದರೊಳಗೊಂದು ಅಡಗಿಯೇ ತೀರುತ್ತವೆ. ಇಂತಹ ಮೆಟ್ಟಿಲುಗಳಿಂದ ಏಕಕೇಂದ್ರತ್ವವನ್ನು ನಿರೂಪಿಸಿ, ಒಂದು ಗೋಲದೊಡನೆ ಏಕಕೇಂದ್ರಗಳಾದ ಸಕಲ ಗೋಲಗಳ ಗಣವೇ ಬಿಂದುವೆಂದು ಆತನು ಮುಗಿಸುತ್ತಾನೆ. ಅಲ್ಲಿಂದ ಮುಂದೆ ಯೂಕ್ಲಿಡನ ರೇಖಾಗಣಿತವೆಲ್ಲವೂ ಯಥಾಸ್ಥಿತವಾಗಿ ದೊರೆಯುತ್ತದೆ. ೧೯೬೦ರಲ್ಲಿ ಗ್ಜೆಗೊರ್ಚಿಕನು ಗೋಲವೆಂಬ ನಿಯತಾಕಾರವನ್ನೂ ಬಿಟ್ಟು, ಭಾಗತ್ವ ಮತ್ತು ಪೃಥಕ್ತ್ವಗಳೆಂಬ ಎರಡೇ ಸಂಬಂಧಗಳಿಂದ ಬಿಂದುಗಳನ್ನು ಸಾಧಿಸಿದನು. ಈ ಪರಂಪರೆಯು ಯಂತ್ರಗಣಕಗಳಿಗೂ ಉಪಯುಕ್ತವಾಯಿತು: ೧೯೯೨ರಲ್ಲಿ ರ‍್ಯಾಂಡೆಲ್, ಕ್ವಿ, ಕೋನ್ ಎಂಬ ಮೂವರು ಸಂಯೋಗವೊಂದರಿಂದಲೇ ಎರಡು ಪ್ರದೇಶಗಳ ನಡುವಣ ಎಂಟು ಬಗೆಯ ಸಂಬಂಧಗಳನ್ನು ವಿಂಗಡಿಸಿದರು.

ಇಲ್ಲಿಯ ತನಕ ಬಂದ ಕಥೆಯಲ್ಲಿ ಬಿಂದುವು ಮುಂಬಾಗಿಲಿನಿಂದ ಹೊರಟು ಹಿತ್ತಿಲ ಬಾಗಿಲಿನಿಂದ ಮರಳುತ್ತದೆ. ಹಾಗಾದರೆ ಇಷ್ಟು ಶ್ರಮದಿಂದ ಬಂದ ಲಾಭವೇನೆಂದು ಪೂರ್ವಪಕ್ಷಿಯು ಕೇಳಬಹುದು. ಗೋಲವಾದರೂ ಪ್ರತ್ಯಕ್ಷವೆ? ಕುಂಬಾರನ ಗಡಿಗೆಯೂ ಹಣ್ಣೂ ನಿಷ್ಕೃಷ್ಟವಾದ ಗೋಲಗಳಲ್ಲ. ಒಂದು ಕಲ್ಪನೆಯನ್ನು ಬಿಟ್ಟು ಇನ್ನೊಂದನ್ನು ಹಿಡಿದಂತಾಯಿತಷ್ಟೆ. ಈ ಆಕ್ಷೇಪವು ಟಾರ್ಸ್ಕಿಯ ಮಟ್ಟಿಗೆ ಬಲವುಳ್ಳದ್ದೇ. ಇದಕ್ಕೆ ಸರಿಯಾದ ಸಮಾಧಾನವು ರೇಖಾಗಣಿತದಿಂದಲ್ಲ, ಟೊಪಾಲಜಿಯಿಂದ ದೊರೆಯಿತು.

೧೯೩೬ರಲ್ಲಿ ಅಮೆರಿಕದ ಮಾರ್ಷಲ್ ಸ್ಟೋನನು, ಕೂಡುವುದು, ಸಮಾನಭಾಗವನ್ನು ತೆಗೆಯುವುದು, ಉಳಿದುದನ್ನು ಗುರುತಿಸುವುದು ಎಂಬ ಮೂರು ಕ್ರಿಯೆಗಳುಳ್ಳ ಬೂಲನ ಬೀಜಗಣಿತವು ಎಲ್ಲಿದ್ದರೂ ಅದರೊಳಗಿಂದ ಬಿಂದುಗಳನ್ನು ಹೊರತೆಗೆಯಬಹುದೆಂದು ತೋರಿಸಿದನು. ಅಲ್ಲಿ ಬಿಂದುವೆಂದರೆ, ಒಂದೊಂದು ಭಾಗವನ್ನು ಕುರಿತು 'ಒಳಗೆ', 'ಹೊರಗೆ' ಎಂದು ಪರಸ್ಪರ ವಿರೋಧವಿಲ್ಲದೆ ಕೊಡುವ ಉತ್ತರಗಳ ಪೂರ್ಣ ಪಟ್ಟಿ. (ಭಾರತದೊಡನೆ ಸ್ನೇಹವುಳ್ಳ ಈ ವಿದ್ವಾಂಸನು ೧೯೮೯ರಲ್ಲಿ ಕಾಲವಾದುದು ಮದರಾಸಿನಲ್ಲಿ.) ೧೯೩೮ರಲ್ಲಿ ವಾಲ್ಮನನೂ ೧೯೪೦ರಲ್ಲಿ ಮೆಂಗರನೂ ಪ್ರದೇಶಗಳ ವ್ಯವಸ್ಥೆಯಿಂದಲೇ ಟೊಪಾಲಜಿಯನ್ನು ನಡೆಸುವ ಮಾರ್ಗವನ್ನು ಬೆಳೆಸಿದರು. ೧೯೫೦ರ ದಶಕದಲ್ಲಿ ಫ್ರಾನ್ಸಿನ ಎರೆಸ್ಮಾನ್ ಮತ್ತು ಆತನ ಶಿಷ್ಯರು ಇನ್ನೊಂದು ಹೆಜ್ಜೆ ಮುಂದುವರಿದು, ಪ್ರದೇಶಗಳ ವ್ಯವಸ್ಥೆಯು ತಾನೇ ಅಭ್ಯಾಸಯೋಗ್ಯವಾದ ಅವಕಾಶ, ಅದರಿಂದ ಬಿಂದುಗಳು ಹುಟ್ಟಲಿ ಬಿಡಲಿ ಎಂದರು. ಅಮೆರಿಕದ ಜಾನ್ ಇಸ್ಬೆಲ್ ೧೯೭೨ರಲ್ಲಿ ಇಂತಹ ಅವಕಾಶಕ್ಕೆ 'ಲೊಕೇಲ್' ಎಂಬ ಹೆಸರನ್ನಿಟ್ಟು, ಪ್ರತಿಯೊಂದು ಲೊಕೇಲಿನಲ್ಲಿಯೂ ಎಲ್ಲೆಡೆ ಒತ್ತಾಗಿ ಹರಡಿದ ಒಂದು ಕನಿಷ್ಠ ಭಾಗವಿದೆಯೆಂದು ಸಾಧಿಸಿದನು.

ಈ ಪ್ರಮೇಯದ ಮಹತ್ತ್ವವು ಸರಳರೇಖೆಯಲ್ಲಿ ಸ್ಪಷ್ಟವಾಗುತ್ತದೆ. ರೇಖೆಯ ಮೇಲೆ ಭಿನ್ನರಾಶಿಗಳಿಂದ ಗುರುತಿಸಬಹುದಾದ ಬಿಂದುಗಳು ಎಲ್ಲೆಡೆ ಒತ್ತಾಗಿವೆ. ಹಾಗೆ ಗುರುತಿಸಲಾಗದ ಬಿಂದುಗಳೂ ಎಲ್ಲೆಡೆ ಒತ್ತಾಗಿವೆ. ಬಿಂದುವಾದಿಯ ಮತದಲ್ಲಿ ಈ ಎರಡು ಗಣಗಳಿಗೆ ಸಮಾನವಾದುದು ಏನೂ ಇಲ್ಲ. ಇಸ್ಬೆಲನ ಮತದಲ್ಲಾದರೋ ಆ ಕನಿಷ್ಠ ಭಾಗವು ಎರಡರಲ್ಲಿಯೂ ಇರಲೇಬೇಕು. ಆ ಭಾಗದಲ್ಲಿ ಒಂದು ಬಿಂದುವನ್ನು ಕಿತ್ತ ಪ್ರದೇಶಕ್ಕೂ ಕೀಳದ ಪ್ರದೇಶಕ್ಕೂ ಭೇದವಿಲ್ಲ. ಆದಕಾರಣ ಯಾವ ಬಿಂದುವೂ ಅಲ್ಲಿ ಉಳಿಯದು. ಆದರೂ ಅದು ಶೂನ್ಯವಲ್ಲ. ಅದಕ್ಕೆ ಭಾಗಗಳಿವೆ, ಭಾಗಗಳಿಗೆ ಭಾಗಗಳಿವೆ. ನಿರವಯವವನ್ನು ಮುಟ್ಟದ ಅವಯವಪರಂಪರೆಯನ್ನು ಅನವಸ್ಥೆಯೆಂದು ತಾರ್ಕಿಕರು ಹಳಿಯುತ್ತಿದ್ದರು. ಅಂತಹ ಪರಂಪರೆಯು ಇಲ್ಲಿ ನಿರ್ದುಷ್ಟವಾದ ಗಣಿತಪದಾರ್ಥವಾಗಿ ನಿಂತಿತು. ಈ ಬಾರಿ ಬಿಂದುವು ಹಿತ್ತಿಲ ಬಾಗಿಲಿನಿಂದಲೂ ಬರಲಿಲ್ಲ.

ಇದರ ಫಲವು ಎರಡು ಕಡೆಗಳಲ್ಲಿ ಕಂಡುಬಂದಿತು. ಎಷ್ಟೇ ಪ್ರದೇಶಗಳಿಂದ ಹೊದಿಸಿದರೂ ಅವುಗಳಲ್ಲಿ ಪರಿಮಿತ ಸಂಖ್ಯೆಯವೇ ಹೊದಿಕೆಗೆ ಸಾಕಾಗುವ ಅವಕಾಶವನ್ನು ಸಂಹತವೆಂದು ಕರೆಯಬಹುದು. ಸಂಹತವಾದ ಅವಕಾಶಗಳನ್ನು ಎಷ್ಟಾದರೂ ಗುಣಿಸಿದರೆ ಬರುವುದೂ ಸಂಹತವೆಂಬುದು ರಷ್ಯಾದ ಟಿಖೊನಾಫನ ಪ್ರಸಿದ್ಧ ಪ್ರಮೇಯ. ಇದು ಆಯ್ಕೆಯ ಸ್ವಯಂಸಿದ್ಧಕ್ಕೆ ಸರಿಸಮಾನವೆಂದು ೧೯೫೦ರಲ್ಲಿ ಕೆಲ್ಲಿಯು ತೋರಿಸಿದ್ದನು. ಆದರೆ ಕೇಂಬ್ರಿಜ್‌ನ ಪೀಟರ್ ಜಾನ್‌ಸ್ಟನ್ ೧೯೮೧ರಲ್ಲಿ ಲೊಕೇಲುಗಳ ವಿಷಯದಲ್ಲಿ ಅದೇ ಪ್ರಮೇಯವನ್ನು ಆ ಸ್ವಯಂಸಿದ್ಧದ ಸಹಾಯವಿಲ್ಲದೆ ಸಾಧಿಸಿದನು. ಆಯ್ಕೆಯ ಭಾರವು ಸಂಹತತ್ವದಲ್ಲಿರಲಿಲ್ಲ. ಪ್ರದೇಶಗಳಿಂದ ಬಿಂದುಗಳನ್ನು ಹೆಕ್ಕುವ ಕಾರ್ಯದಲ್ಲಿತ್ತು. ೧೯೮೩ರಲ್ಲಿ ಆತನು ಬರೆದ ಪ್ರಬಂಧದ ಹೆಸರೇ ಒಂದು ಶ್ಲೇಷೆ: ಆಂಗ್ಲ ಭಾಷೆಯ 'ಪಾಯಿಂಟ್' ಶಬ್ದಕ್ಕೆ ಬಿಂದುವೆಂದೂ ಪ್ರಯೋಜನವೆಂದೂ ಅರ್ಥವಿರುವುದರಿಂದ, ಬಿಂದುವಿಲ್ಲದ ಟೊಪಾಲಜಿಯ ಪ್ರಯೋಜನವನ್ನು ಆ ಶಬ್ದದಿಂದಲೇ ಅವನು ಸಮರ್ಥಿಸಿದನು.

ಎರಡನೆಯ ಫಲವು ೧೯೨೪ರ ವಿಚಿತ್ರ ಪ್ರಮೇಯಕ್ಕೆ ಸಂಬಂಧಿಸಿದುದು. ಅಲೆಕ್ಸ್ ಸಿಂಪ್ಸನ್ ಎಂಬ ವಿದ್ವಾಂಸನು ೧೯೧೪ರ ಬಿಂದುಗಣಗಳಿಗೆ ಬದಲಾಗಿ ಲೊಕೇಲುಗಳ ಭಾಗಗಳನ್ನು ಅಳೆಯುವ ಕ್ರಮವನ್ನು ೨೦೧೨ರಲ್ಲಿ ಪ್ರಕಟಿಸಿದನು. ಬನಾಖ್ ಮತ್ತು ಟಾರ್ಸ್ಕಿಯ ತುಂಡುಗಳಿಗೆ ಸಮಾನವಾದ ಬಿಂದುವೊಂದೂ ಇಲ್ಲವೆಂಬುದು ದಿಟ. ಆದರೆ ಬಿಂದುವಿಲ್ಲದ ಭಾಗಗಳಲ್ಲಿ ಅವು ಒಂದರೊಳಗೊಂದು ಹೆಣೆದುಕೊಂಡಿವೆ. ಆದುದರಿಂದ ಅವು ನಿಜವಾಗಿ ಬೇರ್ಪಟ್ಟ ತುಂಡುಗಳಲ್ಲ. ಅವುಗಳ ಅಳತೆಗಳನ್ನು ಸುಮ್ಮನೆ ಕೂಡಿಸಿ ಗೋಲದ ಅಳತೆಯೊಡನೆ ವಿರೋಧವನ್ನು ತೋರಿಸುವುದು ಸಲ್ಲದು. ಬಿಂದುಗಳನ್ನು ಮಾತ್ರ ಎಣಿಸುವವನಿಗೆ ತುಂಡುಗಳು ಬೇರೆ ಬೇರೆಯಾಗಿ ತೋರುತ್ತವೆ. ಪ್ರದೇಶಗಳನ್ನು ನೋಡುವವನಿಗೆ ಅವುಗಳ ಅಂಟು ಕಾಣುತ್ತದೆ. ಒಂದು ಗೋಲವು ಎರಡಾದ ಸೋಜಿಗಕ್ಕೆ ಹೀಗೆ ಪರಿಹಾರವು ದೊರೆಯಿತು.

ಪೂರ್ವಪಕ್ಷಿಗೆ ಇದೇ ಉತ್ತರ. ಬಿಂದುವನ್ನು ಸಾಧ್ಯವೆಂದು ಗ್ರಹಿಸಿದುದರಿಂದ, ಅದನ್ನು ಸಾಧಿಸಲು ಬೇಕಾದ ಸಾಮಗ್ರಿಯೆಷ್ಟೆಂಬುದೂ, ಅದಿಲ್ಲದೆಯೂ ನಡೆಯುವ ಕಾರ್ಯಗಳಾವುವೆಂಬುದೂ, ಅದನ್ನು ಮೂಲವೆಂದು ಹಿಡಿದುದರಿಂದ ಕಾಣದೆ ಹೋದುದು ಯಾವುದೆಂಬುದೂ ವ್ಯಕ್ತವಾದುವು. ಸಿದ್ಧವೆಂದುಕೊಂಡಿದ್ದರೆ ಈ ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. ಬಿಂದುವಿನಿಂದ ನಡೆಯುವ ರೇಖಾಗಣಿತವು ಇಂದಿಗೂ ಶಾಲೆಗಳಲ್ಲಿಯೂ ಶಾಸ್ತ್ರದಲ್ಲಿಯೂ ಪ್ರಮಾಣವಾಗಿಯೇ ಇದೆ. ಅದನ್ನು ಕಿತ್ತೊಗೆಯಬೇಕೆಂಬುದು ಈ ಪರಂಪರೆಯ ಆಶಯವಲ್ಲ. ಪದವಿಭಾಗವನ್ನು ಅಪೋದ್ಧಾರವೆಂದು ತಿಳಿದ ವೈಯಾಕರಣನು ವ್ಯಾಕರಣವನ್ನು ಬಿಡುವುದಿಲ್ಲ. ಪದಗಳನ್ನು ವಿಭಾಗಿಸುವಾಗಲೂ ವಾಕ್ಯವನ್ನು ಮರೆಯುವುದಿಲ್ಲ, ಅಷ್ಟೇ.